ಜಗುಲಿಯ ಚಾಪೆ

ತಾಂಡವಪುರ

ಅವ್ವ, ನನ್ನ ಅಕ್ಷರ ಸೊಟ್ಟ, ತಪ್ಪೂ ಇರುತ್ತವೆ, ನಗಬೇಡ. ಫೋನ್ ಮಾಡಿದರೆ ಅತ್ತೆ ಪಕ್ಕದಲ್ಲೇ ನಿಲ್ಲುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮುಟ್ಟಾದಾಗ ನಾನು ಜಗುಲಿಯಲ್ಲಿ ಚಾಪೆ ಹಾಕಿ ಕೂರುವುದು ಬೀದಿಗೆಲ್ಲ ಗೊತ್ತು. ಈ ತಿಂಗಳು ಕೂರಲಿಲ್ಲ ನೋಡು, ನೀರಿಗೆ ಹೋದರೂ “ಏನ್ ಮಗ, ಒರಗೆ ಕೂರ್ನಿಲ್ವಾ?” ಅನ್ನುತ್ತಾರೆ. ದಿನ ತಪ್ಪಿದ ಮರುದಿನವೇ ಅತ್ತೆ ಮೆಡಿಕಲ್‌ನಿಂದ ಕಿಟ್ ತರಿಸಿದರು. ಒಂದೇ ಗೆರೆ ಬಂದಿದ್ದಕ್ಕೆ ಮುಖ ಊದಿಸಿಕೊಂಡರು.

“ಇಷ್ಟ್ ಬೇಗ ತಿಳಿಯಾಕಿಲ್ಲ ಕಣಮ್ಮಿ, ಒಂದ್ ವಾರ ಬುಟ್ಟು ಬೆಳಿಗ್ಗೆ ಎದ್ದೇಟ್ಗೆ ನೋಡು” ಅಂದರು ಆಶಾ ಕಾರ್ಯಕರ್ತೆ ವನಿತಕ್ಕ. ಅಲ್ಲಿಯವರೆಗೆ ವಾಕರಿಕೆ ಬಂದರೂ ಬಾಯಿ ಮುಚ್ಚಿಕೊಂಡೇ ಇದ್ದೆ.

ನೀನೂ ನರಸೀಪುರದಲ್ಲೆಲ್ಲ ಸಾರಬೇಡ. ಹಣ್ಣು ಹೂವು ಹಿಡಿದು ಓಡಿ ಬರಬೇಡ. ನಾನು ಕರೆದಾಗ ಬಾ.

ಇವತ್ತು ಬೆಳಗ್ಗೆ ಯಾರೂ ಏಳುವ ಮುಂಚೆ ಮತ್ತೆ ನೋಡಿದೆ. ಎರಡನೇ ಗೆರೆ ಕಂಡ ಮೇಲೆ ಆ ಚಾಪೆಯನ್ನು ಸುತ್ತಿ ಅಟ್ಟಕ್ಕೆ ಹಾಕಿದೆ.

ನಿನ್ನ ಮಗಳು
ಮಧುಶ್ರೀ