ಇನ್ನೂ ಆಗಿಲ್ಲ ಅಂದವರಿಗೆ

ಗಡಿಯಾರದವರೇ,

ನಿಮ್ಮ ರಿಪೇರಿ ಅಂಗಡಿಯಿಂದಾಗಿ ನಮ್ಮ ಮನೆಯಲ್ಲಿ ನಿಮಗೆ ಅದೇ ಹೆಸರು. ಹೆಸರು ಹಿಡಿದು ಕರೆಯುವ ಸಲಿಗೆ ಬರುವ ಮೊದಲೇ ನಾನು ಸಂಬಂಧ ಬೇಡ ಅಂದುಬಿಟ್ಟೆ. ಇವತ್ತು ನಿಮ್ಮನ್ನು ಮಣ್ಣು ಮಾಡಿ ಬಂದೆವು.

ಹನ್ನೊಂದು ವರ್ಷದ ಹಿಂದೆ ಮದುವೆ ಮಾತಿಗೆ ಬಂದಾಗ ನಿಮ್ಮನ್ನು ಒಂದೇ ಪ್ರಶ್ನೆ ಕೇಳಿದ್ದೆ. "ನಿಮ್ಮ ತಮ್ಮನ ಮೇಲೆ ಲಾರಿ ಹತ್ತಿಸಿ ಕೊಂದವನನ್ನು ಕ್ಷಮಿಸಿದ್ದೀರಾ?"

"ಇಲ್ಲ, ಇನ್ನೂ ಆಗಿಲ್ಲ" ಅಂದಿರಿ. ಇನ್ನೇನೋ ಹೇಳಲು ಬಾಯಿ ತೆರೆದಿರಿ. ಅಷ್ಟರಲ್ಲಿ ನಾನು ಎದ್ದು ಒಳಗೆ ಹೋಗಿದ್ದೆ. "ಭಾನುವಾರದ ಕ್ರೈಸ್ತ ಅಷ್ಟೇ, ಒಳಗೆ ವಿಶ್ವಾಸ ಇಲ್ಲ" ಎಂದು ಅಮ್ಮನಿಗೆ ಹೇಳಿದೆ. "ಸುಳ್ಳು ಹೇಳಲಿಲ್ಲವಲ್ಲೇ" ಅಂದರು ಅಮ್ಮ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಇವತ್ತು ಪಾದ್ರಿಗಳು "ಯಾರಾದರೂ ಎರಡು ಮಾತಾಡಿ" ಅಂದಾಗ ಹಿಂದಿನ ಬೆಂಚಿನಿಂದ ವಯಸ್ಸಾದವರೊಬ್ಬರು ಎದ್ದರು. ಅದೇ ಲಾರಿಯ ಡ್ರೈವರ್.

"ನಾನು ಜೈಲು ಸೇರಿದ ತಿಂಗಳಿಂದಲೇ ಬರ್ತಿದ್ರು. 'ನಿನ್ನ ಮುಖ ನೋಡಿದ್ರೆ ಮೈ ಉರಿಯುತ್ತೆ. ಕ್ಷಮಿಸೋ ಮನಸ್ಸು ಕೊಡಪ್ಪಾ ಅಂತ ದೇವರನ್ನ ಕೇಳ್ತಿದೀನಿ. ಕೊಡೋವರೆಗೂ ಬರ್ತೀನಿ' ಅಂದ್ರು. ನಾಲ್ಕು ವರ್ಷ ಬಂದ್ರು. ಬಿಡುಗಡೆಯ ದಿನ ಗೇಟಿನಲ್ಲಿ ನನಗಾಗಿ ಕಾಯ್ತಿದ್ದವರು ಅವರೊಬ್ಬರೇ. ನನ್ನ ಕೈ ಹಿಡ್ಕೊಂಡು ಅತ್ತುಬಿಟ್ರು."

ಲೆಕ್ಕ ಹಾಕಿದೆ. ನಮ್ಮ ಮನೆಗೆ ಬರುವ ಹೊತ್ತಿಗೆ ನೀವು ಒಂದು ವರ್ಷದಿಂದ ಆ ಜೈಲಿಗೆ ಹೋಗುತ್ತಿದ್ದಿರಿ.

ಹೊರಗೆ ಆ ಡ್ರೈವರ್ ನನ್ನ ಹತ್ತಿರ ಬಂದು, "ನೀವು ಅವರಿಗೆ ಏನಾಗಬೇಕಮ್ಮಾ?" ಎಂದು ಕೇಳಿದರು.

"ಏನೂ ಆಗಬೇಕಿಲ್ಲ" ಅಂದೆ.

ಆದರೂ ನಿಮ್ಮ ಮನೆಯವರಿಗೆಲ್ಲ ಕೈ ಮುಗಿದ ಹಾಗೆಯೇ ನನಗೂ ಕೈ ಮುಗಿದು ಹೋದರು.