ಮೊದಲ ಗುಂಡಿಗೆ ನೆನೆದ ಹೆಸರು

ಮಡಿವಾಳನ ಅಪ್ಪಾರೇ,

ನೀವು ಇದನ್ನು ಓದುವುದಿಲ್ಲ, ಗೊತ್ತು. ಆದರೂ ಹೇಳದೆ ಇರಲಾರೆ.

ಇವತ್ತು ನಿಮ್ಮ ಮಗ ಹುಬ್ಬಳ್ಳಿಯಿಂದ ಗಾಳಿ ಪಿಸ್ತೂಲು ತಂದ. ಕಾಲೇಜಿನ ಗುರಿ ಹೊಡೆಯುವ ಪಂದ್ಯಕ್ಕಂತೆ. ಅಂಗಡಿಯಲ್ಲಿದ್ದುದರಲ್ಲಿ ಅಗ್ಗದ್ದು. ಹೊಸ ನೇಗಿಲಿಗೆ ಹಚ್ಚುವಂತೆ ಅದಕ್ಕೂ ವಿಭೂತಿ ಹಚ್ಚಿದೆ. ಮನೆಯವರ ಹೆಸರು ನೆನೆದೇ ಮೊದಲ ಕೆಲಸ ಮಾಡಬೇಕೆಂಬ ನಿಮ್ಮ ಪದ್ಧತಿಯನ್ನೂ ಹೇಳಿದೆ.

ಹಿತ್ತಲ ಬೇವಿನ ಮರಕ್ಕೆ ರಟ್ಟು ಕಟ್ಟಿ, ತುಟಿ ಅಲ್ಲಾಡಿಸಿ ಹೊಡೆದ. ಮತ್ತೆ ಮತ್ತೆ ಹೊಡೆದು ನೋಡಿದ.

“ಬೆರಳಿಲೆ ಜಗ್ಗೋ ಕುದುರಿ ಭಾಳ ಬಿಗಿ ಐತಿ. ಗುಂಡು ಚೂರು ಎಡಕ್ಕ ಹೊಕ್ಕೈತಿ. ಇದರಿಂದ ಯಾರೂ ಸಾಯಂಗಿಲ್ಲ ಬಿಡಬೇ ಯವ್ವಾ. ಆದ್ರ ಕೈ ಪಳಗಾಕ ಅಗದಿ ಚಲೋ ಐತಿ.”

ಕೈ ಪಳಗಿದ ಮೇಲೆ ಏನು?

ನಿಮ್ಮ ತಮ್ಮ ಈಗಲೂ ದಾರಿಯಲ್ಲಿ ನನ್ನನ್ನು ಕಂಡರೆ ತಲೆ ತಗ್ಗಿಸುತ್ತಾನೆ. ಆ ದಿನ ಬಾವಿಯ ಬಳಿ ನಿಮ್ಮ ಜೊತೆ ಇದ್ದವನು ಅವನೊಬ್ಬನೇ; ಆದರೂ ನೀವು ಬಾವಿಗೆ ಕಾಲು ಜಾರಿ ಬಿದ್ದಿರೆಂದೇ ನಾನು ಮಗನಿಗೆ ಹೇಳಿ ಬೆಳೆಸಿದ್ದೇನೆ.

“ಅಪ್ಪಾರ ಹೆಸರ ನೆನದಿ, ಹೌದಿಲ್ಲೋ?” ಎಂದೆ.

“ಇಲ್ಲಬೇ. ಕಾಕಾನ ಹೆಸರು,” ಎಂದು ಇನ್ನೊಂದು ಗುಂಡು ತುಂಬಿದ.

ವಿಭೂತಿ ಇನ್ನೂ ನನ್ನ ಬೆರಳಿಗೆ ಅಂಟಿಕೊಂಡೇ ಇದೆ.