ಖಾಲಿ ಬಿದ್ದ ಅಲರ್ಜಿ ಕಾಲಂ

ಆಸ್ಪತ್ರೆಯ ಕಂಪ್ಯೂಟರ್ ಕೋಣೆ,
ಮಂಗಳವಾರ

ಪ್ರೀತಿಯ ಅಣ್ಣಾ,

ಚೆನ್ನಾಗಿದ್ದೀಯಾ? ಹೊಸ ಊರಿನ ನೀರು ಒಗ್ಗಿತೇ? ಬೆನ್ನುನೋವು ಹೇಗಿದೆ? ನೆಟ್ಟಗೆ ಕೂರು ಎಂದು ಗದರಲು ಅಲ್ಲಿ ನಾನಿಲ್ಲ. ನೀನು ಫೋನ್ ಎತ್ತುವುದಿಲ್ಲವೆಂದು ಕಾಗದ ಬರೆಯುತ್ತಿದ್ದೇನೆ.

ನಾವಿಬ್ಬರೂ ಸೇರಿ ಈ ಆಸ್ಪತ್ರೆಗೆ ಬರೆದುಕೊಟ್ಟ ಸಾಫ್ಟ್‌ವೇರ್ ನನ್ನ ಮಾನ ಕಳೆಯಿತು. ರೋಗಿಯ ಹೆಸರಿನ ಜೊತೆ ಅಲರ್ಜಿಗಳನ್ನೂ ತುಂಬಿ ‘ಉಳಿಸು’ ಒತ್ತಿದರೆ ಹೆಸರು ಉಳಿಯುತ್ತಿತ್ತು, ಅಲರ್ಜಿ ಮಾಯ. ತಪ್ಪಾಯಿತೆಂಬ ಸೂಚನೆಯೂ ಇಲ್ಲ. ಪುಟ ಮುಚ್ಚುವವರೆಗೆ ಎಲ್ಲ ಇದ್ದಂತೆಯೇ ಕಾಣುತ್ತಿತ್ತು. ಮತ್ತೆ ತೆರೆದರೆ ಖಾಲಿ. ಡಾಕ್ಟರು ಎಲ್ಲರೆದುರು, “ನಿಮ್ಮಣ್ಣ ಇದ್ದಿದ್ರೆ ಹೀಗಾಗ್ತಿರ್ಲಿಲ್ಲಮ್ಮ” ಎಂದರು. ನಾನೂ ಪೆದ್ದಿಯಂತೆ ತಲೆಯಾಡಿಸಿದೆ.

ಹೋದ ವಾರ ಹಿಂದಿನ ಬೀದಿಯ ಕ್ಲಿನಿಕ್‌ನಿಂದ ಕರೆ ಬಂತು. “ನಿಮ್ಮಣ್ಣ ಸಿಗ್ತಿಲ್ಲ, ಪ್ರಿಂಟ್ ಬರ್ತಿಲ್ಲ, ನೀವಾದ್ರೂ ಬನ್ನಿ.” ಊರು ಬಿಡುವ ಮುಂಚೆ ನೀನು ಇದೇ ಸಾಫ್ಟ್‌ವೇರನ್ನು ಅವರಿಗೂ ಮಾರಿದ್ದು ಗೊತ್ತಾದದ್ದೇ ಆಗ. ಅಲ್ಲಿ ಅಲರ್ಜಿಗಳು ಚೆನ್ನಾಗಿ ಉಳಿಯುತ್ತಿದ್ದವು. ಅಲ್ಲಿನ ಕೋಡ್ ತೆರೆದು ನಮ್ಮದರ ಜೊತೆ ಹೋಲಿಸಿದೆ. ನಮ್ಮದರಲ್ಲಿ ರೋಗಿಗೆ ತನ್ನ ಅಲರ್ಜಿಗಳು ಗೊತ್ತು. ಅಲರ್ಜಿಗೆ ಮಾತ್ರ ತಾನು ಯಾವ ರೋಗಿಯದೆಂದು ಯಾರೂ ಹೇಳಿರಲಿಲ್ಲ. ಡೇಟಾಬೇಸಿಗೆ ಬರೆಯುವ ಸಿದ್ಧ ಕೋಡ್ ಅದನ್ನು ದಿಕ್ಕಿಲ್ಲದ್ದೆಂದು ಕೈಬಿಡುತ್ತಿತ್ತು. ಅಲ್ಲಿ ನೀನು ಅದನ್ನು ಹೇಳುವ ಒಂದು ಸಾಲು ಸೇರಿಸಿದ್ದೆ. ಕೋಡ್ ಮುಟ್ಟಿದವರು ಇನ್ನೊಬ್ಬರಿಗೆ ಕಾರಣ ಬರೆದಿಡಬೇಕೆಂಬ ನಮ್ಮ ಪದ್ಧತಿಯಂತೆ ಮೇಲೆ ಟಿಪ್ಪಣಿಯೂ ಇತ್ತು: ‘ಪುಟ್ಟೀ, ಈ ಸಾಲಿಲ್ದಿದ್ರೆ ಅಲರ್ಜಿ ಉಳಿಯಲ್ಲ, ಮರೀಬೇಡ.’

ನನ್ನನ್ನು ಕರೆದೇ ಬರೆದೆ, ನನಗೆ ಹೇಳಲಿಲ್ಲ. ಹೇಳಿದರೆ ಗುಟ್ಟಾಗಿ ಮಾರಿದ್ದು ಹೊರಬೀಳುತ್ತದೆಂದು ತಾನೇ? ಬೇರೆ ಯಾರಾದರೂ ಹೀಗೆ ಬೆನ್ನಿಗೆ ಚೂರಿ ಹಾಕಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ನೀನು ಮಾಡಿದೆಯಲ್ಲ ಅಣ್ಣಾ!

ಇಲ್ಲಿಯೂ ಸಾಲು ಸೇರಿಸಿದ್ದೇನೆ. ಮುಂದಿನವು ಉಳಿಯುತ್ತವೆ, ಹೋದವನ್ನು ಒಬ್ಬೊಬ್ಬರನ್ನೇ ಕೇಳಿ ಮತ್ತೆ ತುಂಬಬೇಕು. ಹೊತ್ತಿಗೆ ಸರಿಯಾಗಿ ಊಟ ಮಾಡು.

ಸಿಟ್ಟಿನಲ್ಲೂ ನಿನ್ನ ತಂಗಿಯೇ ಆದ,
ಪುಟ್ಟಿ

ತಾ.ಕ.: ಕವರ್ ಅಂಟಿಸುವಷ್ಟರಲ್ಲಿ, ನೀನು ಇಲ್ಲೇ ಬಿಟ್ಟುಹೋದ ಅತ್ತಿಗೆ ನಿನ್ನ ಮಗಳನ್ನು ಜ್ವರವೆಂದು ಕರೆತಂದರು. ಪೆನ್ಸಿಲಿನ್ ಆಗದೆಂದು ನಾನೇ ತುಂಬಿದ್ದ ಕಾಲಂ ಖಾಲಿ. ನರ್ಸ್ ಅದೇ ಇಂಜೆಕ್ಷನ್ ಹಿಡಿದಾಗಿತ್ತು. ಯಾವ ಔಷಧಿಯೆಂದು ಅತ್ತಿಗೆ ಕೇಳಿದ್ದರಿಂದ ಜೀವ ಉಳಿಯಿತು. ಮಗು ಚೆನ್ನಾಗಿದೆ. “ಬರ್ಸಿದ್ವಲ್ಲ, ಯಾಕಿಲ್ಲ?” ಎಂದು ಅತ್ತಿಗೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದಾರೆ. ಅವರಿಗೆ ನೀನೇ ಹೇಳು.